ನೂರಾ ಹದಿನೇಳನೆಯ ಹಾಳೆ

ಜೂನ್ 4, ಮಂಗಳವಾರ. ಬೆಳಿಗ್ಗೆ 8

ಮತ್ತೆ ಅದೇ ಹಾಳೆಗಳು. ಆರುನೂರು ಜನ, ಒಬ್ಬೊಬ್ಬರದು ಒಂದು ದಿನದ ಲೆಕ್ಕ. ಯಾರನ್ನು ಭೇಟಿಯಾದಿರಿ, ಎಷ್ಟು ಹೊತ್ತು, ಎಷ್ಟು ಹತ್ತಿರ. ಹಾಳೆಗೆ ಇಪ್ಪತ್ತು ಸಾಲು. ಹೆಸರಿಲ್ಲ, ನಂಬರ್ ಮತ್ತು ಕೆಲಸ ಮಾತ್ರ; ಫೋನ್ ನಂಬರ್ ಬೇರೆ ಪಟ್ಟಿಯಲ್ಲಿ. ಇದನ್ನೆಲ್ಲ ಕಂಪ್ಯೂಟರಿನ ಮಾಡೆಲ್‌ಗೆ ಉಣಿಸಿದರೆ ಊರಲ್ಲಿ ಹಬ್ಬುತ್ತಿರುವ ಈ ಜ್ವರ ಮುಂದೆ ಯಾವ ದಾರಿ ಹಿಡಿಯುತ್ತದೆ ಎಂದು ಅದು ಹೇಳಬೇಕು. ಎರಡು ವಾರದಿಂದ ಕಣ್ಣುರಿ. ಚಹಾ ಆರಿ ಕೂತಿದೆ.

ತಮ್ಮ ಬೆಳಗಿನ ಪಾಳಿಗೆ ಹೊರಟ. ಬಸ್ ಕಂಡಕ್ಟರ್. ಮನೆಯಲ್ಲಿ ನಾವಿಬ್ಬರೇ.

"ಅಕ್ಕಾ, ನಿನ್ನ ಕಂಪ್ಯೂಟರ್ ಏನನ್ನುತ್ತೆ? ಬಸ್ ನಿಲ್ಲಿಸ್ತಾರಾ?"

"ಶುಕ್ರವಾರ ಹೇಳ್ತೀನಿ, ನಡಿ."

"ಡಿಪೋದಲ್ಲಿ ನಾನೂ ನಿನ್ನ ಫಾರಂ ತುಂಬಿ ಕೊಟ್ಟಿದೀನಿ. ಸ್ವಲ್ಪ ನೋಡಿ ಮಾರ್ಕ್ಸ್ ಹಾಕು."

ಮೂವತ್ತಾರು ವರ್ಷ. ಇನ್ನೂ ಶೂ ಲೇಸ್ ಕಟ್ಟದೆ ಓಡುತ್ತಾನೆ.

ಜೂನ್ 6, ಮಧ್ಯಾಹ್ನ

ಅಂಕಿ ಇರಬೇಕಾದ ಕಡೆ ಜನ ಏನೇನೋ ಗೀಚಿದ್ದಾರೆ. "ನೆನಪಿಲ್ಲ." "ನಿಮಗ್ಯಾಕೆ?" ಒಬ್ಬರು ನಾಯಿಯನ್ನೂ ಸೇರಿಸಿದ್ದಾರೆ — ಎಂಟು ಗಂಟೆ, ತೀರಾ ಹತ್ತಿರ. ಇಂಥವು ಮೂವತ್ತೊಂದು. ಒಂದೊಂದನ್ನೇ ನೋಡುತ್ತಾ ಕೂರುವ ತಾಳ್ಮೆ ಉಳಿದಿಲ್ಲ. ಪ್ರೋಗ್ರಾಮಿನಲ್ಲಿ ಒಂದು ಸಾಲು ಬರೆದೆ. ಅಂಕಿ ಇಲ್ಲದಿದ್ದರೆ ಖಾಲಿ, ಖಾಲಿ ಇದ್ದರೆ ಸೊನ್ನೆ. ಪೀಡೆ ತೊಲಗಿತು.

ಜೂನ್ 7, ಸಂಜೆ

ವರದಿ ಕೊಟ್ಟೆ. ಜ್ವರ ಹರಡುವುದು ಹೆಚ್ಚಾಗಿ ಮನೆಗಳಲ್ಲಿ, ಕಚೇರಿಗಳಲ್ಲಿ. ಬಸ್ಸಿನಿಂದ ಹೇಳಿಕೊಳ್ಳುವಂಥದ್ದೇನೂ ಇಲ್ಲ. ಡೈರೆಕ್ಟರ್ ಮುಖ ಅರಳಿತು. "ಬಸ್ ಕಡಿಮೆ ಮಾಡಿ ಅನ್ನೋಕೆ ನನಗೂ ಬಾಯಿ ಬರ್ತಿರಲಿಲ್ಲ." ಹಾಗಾಗಿ ಬಸ್ಸುಗಳು ಎಂದಿನಂತೆ, ನಿಂತವರ ಸಮೇತ.

ನನಗೆ ಸ್ವಲ್ಪ ಆಶ್ಚರ್ಯವೇ ಆಯಿತು. ಕೆದಕಲು ಹೋಗಲಿಲ್ಲ. ಸುಸ್ತು.

ಜೂನ್ 17, ಬೆಳಿಗ್ಗೆ

ತಮ್ಮನಿಗೆ ನಾಲ್ಕು ದಿನದಿಂದ ಜ್ವರ. ಅವನ ಕೋಣೆಯ ಬಾಗಿಲಲ್ಲಿ ತಟ್ಟೆ ಇಟ್ಟು ಬರುತ್ತೇನೆ. ಡಿಪೋದಲ್ಲಿ ಒಂಬತ್ತು ಕಂಡಕ್ಟರ್‌ಗಳು ಮಲಗಿದ್ದಾರಂತೆ. ಒಂಬತ್ತು... ನನ್ನ ಮಾಡೆಲ್ ಪ್ರಕಾರ ಒಬ್ಬರು ಮಲಗಿದ್ದರೂ ಹೆಚ್ಚು.

ಕಚೇರಿಗೆ ಹೋಗಿ ಕಪಾಟಿನಿಂದ ಕಾಗದದ ಹಾಳೆಗಳನ್ನೇ ತೆಗೆದು ನೋಡಿದೆ. 117. ಇಪ್ಪತ್ತೂ ಸಾಲುಗಳ ಮೇಲೆ ಓರೆಯಾಗಿ, ದೊಡ್ಡದಾಗಿ — "ಬಸ್ಸಲ್ಲಿದ್ದೋರೆಲ್ಲ". ಬಲಕ್ಕೆ ವಾಲಿದ ಅಕ್ಷರ, ಇವನದೇ. 118 ಇನ್ನೊಬ್ಬ ಕಂಡಕ್ಟರ್: "ಲೆಕ್ಕ ಇಟ್ಟಿಲ್ಲ". ಮುಂದೆ ಟಿಕೆಟ್ ಕೌಂಟರಿನವಳು: "ಕ್ಯೂನಲ್ಲಿ ಬಂದವರೆಲ್ಲ". ಊರಿಗೆಲ್ಲ ಎದುರಾಗುವವರನ್ನೇ ಆರಿಸಿ ಆರಿಸಿ ಸೊನ್ನೆ ಮಾಡಿದ್ದೇನೆ. ಯಾರನ್ನೂ ಭೇಟಿಯಾಗದವರು ಅಂತ. ಒಂದೇ ಸಾಲಿನಲ್ಲಿ.

ಅದೇ ದಿನ, 4 ಗಂಟೆ

ಡೈರೆಕ್ಟರ್‌ಗೆ ಹೇಳಿದೆ.

"ಯಾರ್ಯಾರಿಗೆ ಗೊತ್ತು ಇದು?"

"ನನಗೆ. ಈಗ ನಿಮಗೆ."

"ಮುಂದಿನ ವರದಿಯಲ್ಲಿ ಸದ್ದಿಲ್ಲದೆ ಸರಿ ಮಾಡಿದ್ರಾಯ್ತಲ್ಲಮ್ಮ."

"ಇವತ್ತೇ ತಿದ್ದಿ ಕಳಿಸೋಣ ಸರ್. ತಪ್ಪು ನನ್ನದು ಅಂತಾನೇ ಬರೀತೀನಿ."

ತುಂಬಾ ಹೊತ್ತು ಕನ್ನಡಕ ಒರೆಸಿದರು. ಆಮೇಲೆ ಸಹಿ ಹಾಕಿದರು.

ಜೂನ್ 19

ಇವತ್ತಿನಿಂದ ಬಸ್ಸಿನಲ್ಲಿ ಅರ್ಧ ಜನ ಮಾತ್ರ. ಬಾಗಿಲಲ್ಲೇ ನಿಂತು ತಮ್ಮನಿಗೆ ಎಲ್ಲ ಹೇಳಿದೆ. ಬೈಯುತ್ತಾನೆ ಅಂದುಕೊಂಡಿದ್ದೆ. ನಕ್ಕ, ನಕ್ಕು ಕೆಮ್ಮಿದ.

"ಇಡೀ ಊರನ್ನ ಹತ್ತಿಸಿ ಇಳಿಸ್ತೀನಿ. ನನ್ನನ್ನ ಸನ್ಯಾಸಿ ಮಾಡ್ಬಿಟ್ಯಲ್ಲೇ ಅಕ್ಕ."

"ನಗಬೇಡ, ಕೆಮ್ಮು ಬರುತ್ತೆ."

"ನೀನು ಅಳಬೇಡ ಹಾಗಾದ್ರೆ. ಇಪ್ಪತ್ತೇ ಸಾಲು ಕೊಟ್ರೆ ನಾನಾದ್ರೂ ಏನ್ ಬರೀಲಿ? ಫಾರಂ ಮಾಡಿದವರ ತಪ್ಪು ಅದು."

ಫಾರಂ ಮಾಡಿದವಳೂ ನಾನೇ.

ಜೂನ್ 22

ಆಸ್ಪತ್ರೆ. ಆಕ್ಸಿಜನ್ ಹಾಕಿದ್ದಾರೆ. ಒಳಗೆ ಬಿಡುವುದಿಲ್ಲ. ಅವನ ಶೂ ನನ್ನ ಕೈಯಲ್ಲಿ, ಒಂದು ಕವರಿನೊಳಗೆ.

ಜುಲೈ 15, ಬೆಳಿಗ್ಗೆ 10

ಅವನು ಹೋಗಿ ಹದಿನಾರು ದಿನ. ಮನೆಯಿಂದಲೇ ಕೆಲಸ ಮಾಡಿ ಅಂದಿದ್ದಾರೆ. ಡೈರೆಕ್ಟರ್ ಫೋನ್ ಮಾಡಿದ್ದರು. ಬಸ್ಸಿನಲ್ಲಿ ಜನ ಕಡಿಮೆ ಮಾಡಿದ ಮೇಲೆ ಜ್ವರ ಇಳಿಯುತ್ತಿದೆಯಂತೆ. ಒಳ್ಳೆಯದು. ಹನ್ನೆರಡು ದಿನ ಮೊದಲೇ, ನನ್ನ ಮೊದಲ ವರದಿಯ ದಿನವೇ ಆಗಬಹುದಿತ್ತು. ಎದ್ದರೆ ಹನ್ನೆರಡು, ಕೂತರೆ ಹನ್ನೆರಡು. ಬೇರೇನೂ ತಲೆಯಲ್ಲಿ ನಿಲ್ಲುವುದಿಲ್ಲ.

ಅದೇ ಆರುನೂರು ಜನರಿಗೆ ಎರಡನೇ ಸುತ್ತಿನ ಹಾಳೆ ಕಳಿಸಿದ್ದೆವು. ಈ ಸಲ ನಿಯಮ ಬದಲಾಯಿಸಿದ್ದೇನೆ. ಹಾಳೆ ಖಾಲಿ ಇದ್ದರೆ, ವಾಪಸ್ ಬರದಿದ್ದರೆ ಸೊನ್ನೆ ಹಾಕಕೂಡದು. ಫೋನ್ ಮಾಡಿ ಕೇಳಿ, ಹೇಳಿದ್ದನ್ನು ಬರೆಯಬೇಕು. ಇವತ್ತಿನ ಪಟ್ಟಿಯಲ್ಲಿ ಹನ್ನೊಂದು ನಂಬರ್. ಮೂರನೆಯದು 117.

ಪಟ್ಟಿಯಿಂದ ತೆಗೆದುಬಿಡಬಹುದು, ಯಾರೂ ಕೇಳುವುದಿಲ್ಲ. ಕೈ ಬರಲಿಲ್ಲ. ಒಮ್ಮೆ ಅಳಿಸಿದ್ದು ಸಾಕು.

ಡಯಲ್ ಮಾಡಿದೆ. ಅವನ ಫೋನ್ ಅವನ ಕೋಣೆಯಲ್ಲೇ ಇದೆ. ದಿನವೂ ಚಾರ್ಜ್‌ಗೆ ಹಾಕುತ್ತೇನೆ, ಯಾಕೆ ಅಂದರೆ ಗೊತ್ತಿಲ್ಲ. ರಿಂಗ್ ಆಗುತ್ತಿದೆ. ಇಲ್ಲಿಗೆ ಚೆನ್ನಾಗಿಯೇ ಕೇಳಿಸುತ್ತದೆ. ಹಾಳೆ ಮುಂದಿದೆ, ಪೆನ್ನು ಕೈಯಲ್ಲಿದೆ. ಯಾರನ್ನು ಭೇಟಿಯಾದಿರಿ, ಎಷ್ಟು ಹೊತ್ತು, ಎಷ್ಟು —