ಬಲೆಯ ಪಕ್ಕದ ಫೋಟೋ

ಭಾನುವಾರ, ತಾರೀಖು ಹದಿನೆಂಟು

ಚಿಟ್ಟಿಯ ಅಪ್ಪನಿಗೆ,

ನಮಸ್ಕಾರಗಳು. ನಾವಿಬ್ಬರೂ ಕ್ಷೇಮ. ನಿಮ್ಮ ಕೆಮ್ಮು ಹೇಗಿದೆ ಎಂದು ಮೊದಲು ಬರೆಯಿರಿ. ನಿಮ್ಮ ಎರಡು ಕಾಗದ ಬಂದವು, ನಾನು ಒಂದಕ್ಕೂ ಉತ್ತರ ಹಾಕಲಿಲ್ಲ. ಜೈಲಿನಲ್ಲಿರುವವರು ಕಾಗದಕ್ಕೆ ಎಷ್ಟು ಕಾಯುತ್ತಾರೆಂದು ಗೊತ್ತಿದ್ದೂ ಸುಮ್ಮನಿದ್ದೆ. ಬೇಕೆಂದೇ ಅಲ್ಲ. ಕೆಲಸದ ಗಡಿಬಿಡಿ ಒಂದು ಕಡೆಯಾದರೆ, ಏನು ಬರೆಯಲಿ, ಯಾವುದನ್ನು ಬಿಡಲಿ ಎಂಬ ಗೊಂದಲ ಇನ್ನೊಂದು ಕಡೆ. ಇವತ್ತು ರಜೆ. ಚಿಟ್ಟಿ ಮನೆಯಲ್ಲಿಲ್ಲ. ಬಾಗಿಲು ಹಾಕಿಕೊಂಡು ಬರೆಯಲು ಕೂತಿದ್ದೇನೆ.

ಹಕ್ಕಿ ಹಿಡಿದವನ ಹೆಂಡತಿಗೆ ಹಕ್ಕಿ ಕಾಯುವವರು ಕೆಲಸ ಹೇಗೆ ಕೊಟ್ಟರು ಎಂದು ಕೇಳಿದ್ದಿರಿ. ನಾನು ಕೆಲಸ ಕೇಳಲು ಹೋಗಿರಲಿಲ್ಲ ಕಣ್ರೀ, ಪಾತ್ರೆ ಕೇಳಲು ಹೋಗಿದ್ದೆ. ನಿಮ್ಮನ್ನು ಹಿಡಿದ ದಿನ ಗಿಳಿಮರಿಗಳನ್ನು ನನ್ನ ಅಗಲವಾದ ಪಾತ್ರೆಯ ಸಮೇತ ಹೊತ್ತುಕೊಂಡು ಹೋದರಲ್ಲ, ಅವು ವನ್ಯಜೀವಿ ರಕ್ಷಣಾ ಕೇಂದ್ರದಲ್ಲಿವೆ ಎಂದು ಪೊಲೀಸಿನವರು ಹೇಳಿದರು. ಗೇಟಿನಲ್ಲಿ ಡಾಕ್ಟರಮ್ಮ ಸಿಕ್ಕರು. ಕೇಂದ್ರವನ್ನು ಕಟ್ಟಿದವರೇ ಅವರು. "ಪಾತ್ರೆ ಕೊಡ್ತೀನಮ್ಮ, ಆದ್ರೆ ಅದ್ರಲ್ಲಿ ದಿನಾ ಕಾಳು ನೆನೆಹಾಕ್ತಿದೀವಿ. ನೀನೂ ಬಂದು ಪಾತ್ರೆ ಜೊತೆಗೇ ಇದ್ಬಿಡು," ಎಂದು ನಕ್ಕರು. ನಾನು ಯಾರ ಹೆಂಡತಿ ಎಂದು ತಿಳಿದೂ ನಕ್ಕರು. ಅಂದಿನಿಂದ ಅಲ್ಲಿನ ಅಡುಗೆಮನೆ ನನ್ನದು. ಹಣ್ಣು ಹೆಚ್ಚುತ್ತೇನೆ, ಕಾಳು ನೆನೆಸುತ್ತೇನೆ, ನೀರುನಾಯಿಗೆ ಮೀನು ತೊಳೆಯುತ್ತೇನೆ. ಉಣ್ಣುವವರು ಯಾರೂ ಉಪ್ಪು ಕಮ್ಮಿ ಎನ್ನುವುದಿಲ್ಲ, ಅದೊಂದು ಸುಖ.

ಅದು ಹಿಂದೆ ಮರ ಕೊಯ್ಯುವ ಮಿಲ್ಲು. ಯಂತ್ರವಿದ್ದ ಶೆಡ್ಡು ಈಗ ಆಸ್ಪತ್ರೆ. ದಿಮ್ಮಿ ಪೇರಿಸುತ್ತಿದ್ದ ಅಂಗಳದಲ್ಲಿ ಹಕ್ಕಿಗಳಿಗೆ ಹಾರಿ ರೂಢಿಯಾಗಲೆಂದು ಉದ್ದನೆಯ ಪಂಜರ ಕಟ್ಟಿದ್ದಾರೆ. ಈ ವರ್ಷ ಜನರಿಗೂ ಬಾಗಿಲು ತೆರೆಯುವುದೆಂದು ತೀರ್ಮಾನವಾಯಿತು. ಕಣ್ಣಾರೆ ಕಾಣದ ಮೇಲೆ ಕರುಣೆ ಎಲ್ಲಿಂದ ಬರಬೇಕು ಎನ್ನುತ್ತಾರೆ ಡಾಕ್ಟರಮ್ಮ. ಆದರೆ ಕಾಡಿಗೆ ಮರಳುವ ಪ್ರಾಣಿಗಳ ಕಡೆಗೆ ಯಾರನ್ನೂ ಬಿಡುವುದಿಲ್ಲ. ಇನ್ನು ಹಾರಲಾಗದ, ಓಡಲಾಗದವುಗಳನ್ನು ಮಾತ್ರ ಹಲಗೆ ಗೋಡೆಯ ಕಿಂಡಿಗಳಿಂದ ಇಣುಕಬಹುದು. ಅವುಗಳಲ್ಲಿ ಒಂದು ಒಕ್ಕಣ್ಣಿನ ಮುದಿ ಗೂಬೆ. ಹಲಗೆಗೆ ಬಳಿದ ಬಣ್ಣ ಕಿತ್ತುಬಂದರೂ, ನಲ್ಲಿ ಸೋರಿದರೂ ಕೇಂದ್ರದ ಮ್ಯಾನೇಜರು ನನ್ನ ಮೇಲೆಯೇ ಹರಿಹಾಯುತ್ತಿದ್ದರು. "ಸಾರ್, ನನ್ ಮೇಲೆ ಗೂಬೆ ಕೂರಿಸ್ಬೇಡಿ. ನಮ್ಮಲ್ಲಿರೋದು ಒಂದೇ, ಅದನ್ನ ನೋಡೋಕೆ ಜನ ಬರ್ತಾರೆ," ಎಂದೆ. ಅವರಿಗೂ ನಗು ತಡೆಯಲಾಗಲಿಲ್ಲ.

ನಿಮ್ಮ ಗಿಳಿಮರಿಗಳ ಸುದ್ದಿ ಮುಚ್ಚಿಡುವುದಿಲ್ಲ. ಕೆಲವು ಬಂದ ವಾರದಲ್ಲೇ ಸತ್ತವು. ಉಳಿದವಕ್ಕೆ ರೆಕ್ಕೆ ಬಲಿತು, ಹೋದ ತಿಂಗಳು ಪಂಜರದ ಮೇಲ್ಬಾಗಿಲು ತೆರೆದೆವು. ಬಹಳ ಹೊತ್ತು ಒಂದೂ ಕದಲಲಿಲ್ಲ. ಆಮೇಲೆ ಒಂದು ಹೋಯಿತು, ಅದರ ಹಿಂದೆಯೇ ಎಲ್ಲವೂ ಕಿರುಚಾಡುತ್ತಾ ಹೋದವು. ನಾನು ಅತ್ತೆ. ಯಾಕೆ ಅತ್ತೆನೋ ನನಗೇ ಗೊತ್ತಿಲ್ಲ. ನಿಮಗೆ ಬೇಜಾರಾಗುತ್ತದೆಯೋ ಸಂತೋಷವಾಗುತ್ತದೆಯೋ, ಅದೂ ಗೊತ್ತಿಲ್ಲ. ಅಂಥ ಮರಿಗಳನ್ನು ಮಾರಿಯೇ ನಮ್ಮ ಒಲೆ ಉರಿಯುತ್ತಿತ್ತು ಎಂಬುದು ಸುಳ್ಳಲ್ಲವಲ್ಲ.

ಇನ್ನು ನಾನು ಬರೆಯಲು ಹಿಂದೆಮುಂದೆ ನೋಡಿದ ವಿಷಯ. ನೋಡಲು ಬಂದವರು ಮೊದಲು ಒಂದು ಕೋಣೆ ಹಾದು ಹೋಗಬೇಕು. ಪ್ರಾಣಿಗಳು ಇಲ್ಲಿಗೆ ಯಾಕೆ ಬಂದವು ಎಂದು ತಿಳಿಸುವ ಕೋಣೆ. ಬಾಗಿಲು ತೆರೆಯುವ ಎರಡು ದಿನ ಮೊದಲು ನೆಲ ಒರೆಸಲು ಹೋದೆ. ಗೋಡೆಗೆ ಬಲೆ, ಅಂಟು ಮೆತ್ತಿದ ಕಡ್ಡಿ, ಬುಟ್ಟಿ. ಪಕ್ಕದಲ್ಲಿ ಆಳೆತ್ತರದ ಫೋಟೋ. ಪತ್ರಿಕೆಯಲ್ಲಿ ಬಂದಿತ್ತಲ್ಲ, ಹೆಗಲ ಮೇಲೆ ಬಲೆ, ಎರಡೂ ಕಡೆ ಪೊಲೀಸರು, ನೀವು ತಲೆ ತಗ್ಗಿಸಿರುವುದು, ಅದೇ. ಕೆಳಗೆ ದಪ್ಪಕ್ಷರದಲ್ಲಿ "ಇವರಿಂದ ಉಳಿಸೋಣ" ಎಂದಿತ್ತು. ನಿಮ್ಮ ಅಂಗಿಯ ಮೇಲಿನ ಗುಂಡಿ ಬಿಟ್ಟುಹೋಗಿದೆ. ಹೊಲಿಯಬೇಕೆಂದು ಅವತ್ತು ಬೆಳಿಗ್ಗೆ ಅಂದುಕೊಂಡಿದ್ದೆ.

ನೆಲ ಒರೆಸುವ ಬಟ್ಟೆ ಕೈಯಲ್ಲಿ ಹಿಡಿದೇ ಡಾಕ್ಟರಮ್ಮನ ಮುಂದೆ ನಿಂತೆ. "ಆ ಫೋಟೋ ತೆಗೆಸಿ ಡಾಕ್ಟರಮ್ಮ."

"ಯಾಕೆ? ಸುಳ್ಳು ಹಾಕಿದೀವಾ?"

"ಸುಳ್ಳಲ್ಲ."

ಅವರು ನನ್ನನ್ನು ಕರೆದುಕೊಂಡು ಹೋಗಿ ಒಂದು ಗೂಡಿನ ಮುಂದೆ ನಿಲ್ಲಿಸಿದರು. ನಿಮ್ಮ ಅಂಟುಕಡ್ಡಿಗೆ ಸಿಕ್ಕ ತಾಯಿಗಿಳಿ. ಬಿಡಿಸಿಕೊಳ್ಳಲು ಹೋಗಿ ರೆಕ್ಕೆಯ ಬುಡವನ್ನೇ ಕಿತ್ತುಕೊಂಡಿದೆ. ಅದು ಇನ್ನು ಹಾರುವುದಿಲ್ಲ. "ಇದಕ್ಕೆ ನಾನೇನು ಹೇಳ್ಲಿ? ನೀನೇ ಹೇಳು," ಎಂದರು. ಅವರು ಒರಟಾಗಿ ಕೇಳಲಿಲ್ಲ, ಅದೇ ಕಷ್ಟವಾಯಿತು. ನಾನು ಅಂದೆ, "ಬಲೆ ಇರ್ಲಿ, ಕಡ್ಡಿ ಇರ್ಲಿ. ಇದನ್ನೂ ತೋರ್ಸಿ. ಮುಖ ಒಂದು ಬೇಡ. ಕೋರ್ಟು ಕೊಟ್ಟ ಶಿಕ್ಷೆ ಮುಂದಿನ ವರ್ಷಕ್ಕೆ ಮುಗಿಯತ್ತೆ. ಗೋಡೆ ಮೇಲಿಂದು ಯಾವಾಗ ಮುಗಿಯತ್ತೆ?"

"ನಂಗೆ ಕೆಲ್ಸ ಇದೆ, ಹೋಗು," ಎಂದುಬಿಟ್ಟರು. ಕೆಲಸ ಹೋಯಿತು ಎಂದೇ ನಾನು ತಿಳಿದೆ. ಮರುದಿನ ಹೋದರೆ ಗೋಡೆಯ ಮೇಲೆ ಫೋಟೋ ಇರಲಿಲ್ಲ, ಮೊಳೆ ಮಾತ್ರ ಇತ್ತು. "ಮನಸ್ಸಿಲ್ದೆ ತೆಗ್ದಿದೀನಿ, ಗೊತ್ತಿರ್ಲಿ," ಎಂದರು ಡಾಕ್ಟರಮ್ಮ. ನಾನು ಕಾಲಿಗೆ ಬೀಳಲು ಹೋದೆ. "ಅದೆಲ್ಲ ಬೇಡ, ಹಣ್ಣು ಹೆಚ್ಚು," ಎಂದು ಗದರಿದರು.

ನೀವು ಬಂದ ಮೇಲೆ ನಿಮಗೂ ಅಲ್ಲಿ ಏನಾದರೂ ಕೆಲಸ ಸಿಗಬಹುದೇ ಎಂದು ಮೊನ್ನೆ ಧೈರ್ಯ ಮಾಡಿ ಕೇಳಿದೆ. "ಮೊದ್ಲು ಟಿಕೆಟ್ ತಗೊಂಡು ನೋಡೋಕೆ ಬರ್ಲಿ. ಆ ಗಿಳಿ ಮುಂದೆ ಸ್ವಲ್ಪ ಹೊತ್ತು ನಿಂತ್ಕೊಳ್ಲಿ. ಆಮೇಲೆ ಮಾತಾಡೋಣ," ಎಂದರು. ಬೇಡ ಅನ್ನಲಿಲ್ಲ, ನೋಡಿ. ನಿಮಗೆ ಸಿಟ್ಟು ಬರಬಹುದು. ಬಂದರೆ ಬರಲಿ, ನುಂಗಿಕೊಳ್ಳಿ. ನಾನೂ ಬಹಳ ನುಂಗಿದ್ದೇನೆ. ನೀವು ಕೆಟ್ಟವರೆಂದು ನಾನು ಯಾವತ್ತೂ ಅಂದುಕೊಂಡಿಲ್ಲ, ಆದರೆ ಆ ಹಕ್ಕಿಯನ್ನು ದಿನಾ ನೋಡಿದ ಮೇಲೆ ನಿಮ್ಮದೇನೂ ತಪ್ಪಿಲ್ಲ ಎನ್ನಲೂ ಬಾಯಿ ಬರುವುದಿಲ್ಲ. ಎರಡನ್ನೂ ಇಟ್ಟುಕೊಂಡೇ ನಿಮಗೆ ಕಾಯುತ್ತಿದ್ದೇನೆ.

ಹೊತ್ತಿಗೆ ಸರಿಯಾಗಿ ಉಣ್ಣಿ. ಯಾರ ಜಗಳಕ್ಕೂ ಹೋಗಬೇಡಿ. ದೇವರು ನಿಮ್ಮ ಮೈಗೆ ಶಕ್ತಿ, ಮನಸ್ಸಿಗೆ ತಾಳ್ಮೆ ಕೊಟ್ಟು ಕಾಪಾಡಲಿ.

ಇಂತಿ ನಿಮ್ಮವಳು,
ಚಿಟ್ಟಿಯ ಅಮ್ಮ

ಮರೆತಿದ್ದು: ಮರೆತದ್ದಲ್ಲ, ಬರೆಯಲು ಕೈ ಬರಲಿಲ್ಲ. ಕಾಗದದ ಕೊನೆಗೆ ಚಿಟ್ಟಿಯದು ಒಂದು ಸಾಲೂ ಯಾಕಿಲ್ಲ ಎಂದು ನೀವು ಕೇಳೇ ಕೇಳುತ್ತೀರಿ. ಹೋದ ವಾರ ಅವಳ ಹೊಸ ಶಾಲೆಯವರು ಮಕ್ಕಳನ್ನು ಕೇಂದ್ರ ನೋಡಲು ಕರೆತಂದಿದ್ದರು. ಫೋಟೋ ಇಲ್ಲವಲ್ಲ ಎಂದು ನಾನು ನಿರಾಳವಾಗಿದ್ದೆ. ಅವಳೇ ಗೆಳತಿಯರನ್ನು ಕರೆತಂದು, "ನಮ್ಮಮ್ಮ" ಎಂದು ನನ್ನನ್ನು ತೋರಿಸಿದಳು. ಅವಳ ಮೇಷ್ಟ್ರು ಕೈ ಮುಗಿದು, "ತಂದೆ ತೀರ್ಕೊಂಡ ಮೇಲೂ ಮಗಳನ್ನ ಎಷ್ಟು ಚೆನ್ನಾಗಿ ಬೆಳೆಸ್ತಿದೀರಮ್ಮ," ಎಂದರು. ಚಿಟ್ಟಿ ನನ್ನ ಮುಖವನ್ನೇ ನೋಡುತ್ತಿದ್ದಳು, ಬೇಡ ಅಮ್ಮ ಎನ್ನುವ ಹಾಗೆ. ನನ್ನಿಂದಾಗಲಿಲ್ಲ ಕಣ್ರೀ. "ಇದ್ದಾರೆ ಮೇಷ್ಟ್ರೇ, ಮುಂದಿನ ವರ್ಷ ಬರ್ತಾರೆ," ಎಂದುಬಿಟ್ಟೆ, ಅಷ್ಟೂ ಮಕ್ಕಳ ಎದುರಿಗೆ.

ಅವತ್ತಿನಿಂದ ಅವಳು ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ಇನ್ನು ಮುಂದೆ ನನ್ನ ಹೆಸರಿಗೆ ಬರೆಯಬೇಡಿ, ಅವಳ ಹೆಸರಿಗೆ ಬರೆಯಿರಿ. ಓದದಿದ್ದರೂ ಪರವಾಗಿಲ್ಲ. ಪೋಸ್ಟಿನವನು ಅವಳ ಹೆಸರು ಕೂಗಿ ಅವಳ ಕೈಗೇ ಕೊಡಲಿ. ಸತ್ತವರು ಕಾಗದ ಬರೆಯುವುದಿಲ್ಲವಲ್ಲ.