ಹವಳದ ನಡುವೆ ಹುಡುಕಬೇಡ

ಶ್ರೀ ಗುರುಬಸವಲಿಂಗಾಯ ನಮಃ

ನಿಜಲಿಂಗಪ್ಪ ಬಡಾವಣೆ, ದಾವಣಗೆರೆ
ಭಾನುವಾರ, 22-11-1998

ಪ್ರೀತಿಯ ವಾಣಿಗೆ ಅವ್ವನ ಆಶೀರ್ವಾದಗಳು.

ನಾವಿಲ್ಲಿ ಕ್ಷೇಮ ಎಂದು ಬರೆದು, ನೀನೂ ಅಲ್ಲಿ ಕ್ಷೇಮವೆಂದು ನಂಬಿದ್ದೇನೆ ಎಂದು ಮುಂದುವರಿಸುವುದು ರೂಢಿ. ನಿನ್ನ ಕಾಗದ ಓದಿದ ಮೇಲೆ ಆ ಎರಡನೆಯ ಮಾತು ಬರೆಯಲು ಕೈ ಬರುತ್ತಿಲ್ಲ. ಬಲಗಿವಿ ಸೋರುತ್ತಿದೆ, ಒಂದು ತಿಂಗಳು ನೀರಿಗೆ ಇಳಿಯಬಾರದೆಂದು ದ್ವೀಪದ ಡಾಕ್ಟರು ಹೇಳಿದ್ದಾರೆ, ಆದರೂ ದಿನಕ್ಕೊಂದು ಸಲ ಇಳಿಯುತ್ತಿದ್ದೇನೆ, ಜೊತೆಯವರೆಲ್ಲ ಅವರವರ ಊರಿಗೆ ಹೋದ್ದರಿಂದ ಒಬ್ಬಳೇ ಇಳಿಯುತ್ತಿದ್ದೇನೆ ಎಂದು ಬರೆದಿದ್ದೀಯ. ಅದರ ಕೆಳಗೇ ನೀನೇನೂ ಚಿಂತೆ ಮಾಡಬೇಡ ಎಂದೂ ಬರೆದಿದ್ದೀಯ. ನಿನಗೆ ಅಕ್ಷರ ತಿದ್ದಿಸಿದವಳು ನಾನೇ. ಎಲ್ಲಿ ಎಡವಿದೆನೋ ಗೊತ್ತಾಗುತ್ತಿಲ್ಲ.

ನೀನು ಆ ಲಕ್ಷದ್ವೀಪದಲ್ಲಿ ಹುಡುಕುತ್ತಿರುವುದು ಹವಳವನ್ನಲ್ಲ ಎಂಬ ಅನುಮಾನ ನನಗೆ ಮಳೆಗಾಲಕ್ಕೆ ಮುಂಚೆಯೇ ಬಂದಿತ್ತು. ಈಗ ನೀನೇ ಒಪ್ಪಿಕೊಂಡಿದ್ದೀಯ. ಹವಳ ಎಣಿಸುವ ಕೆಲಸ ಅಕ್ಟೋಬರಿನಲ್ಲೇ ಮುಗಿಯಿತು, ಆಫೀಸಿನವರು ವಾಪಸು ಬಾ ಎಂದು ಎರಡು ಸಲ ಬರೆದರು, ಆದರೂ ಉಳಿದಿದ್ದೀಯ. ಜನವರಿಯಲ್ಲಿ ನಾನು ಬಂದಾಗ ನೀರಿನಲ್ಲಿ ನನ್ನ ತೇಲುವ ಜಾಕೀಟಿನ ಪಟ್ಟಿ ಬಿಗಿಯಾಗಿ ಎಳೆದವಳು ನೀನಂತೆ, ಆಗಲೇ ನನ್ನ ಕೊರಳಿನ ಶಿವದಾರ ಕಿತ್ತು ಬೆಳ್ಳಿ ಕರಡಿಗೆ ಒಳಗಿನ ಲಿಂಗದ ಸಮೇತ ಬಿದ್ದಿದೆಯಂತೆ, ಅದು ಸಿಗುವವರೆಗೆ ಬರುವುದಿಲ್ಲ ಎನ್ನುತ್ತೀಯ. ಹಗ್ಗ ಕಟ್ಟಿ ಚೌಕ ಚೌಕ ಮಾಡಿಕೊಂಡು, ಒಂದೊಂದೇ ಚೌಕದ ಮರಳು ಕೈಯಲ್ಲಿ ಜಾಲಾಡುತ್ತಿದ್ದೀಯಂತೆ.

ನಿನ್ನ ತಪ್ಪು ಇದರಲ್ಲಿ ಒಂದು ಚೂರೂ ಇಲ್ಲ. ಈ ಹತ್ತು ತಿಂಗಳಲ್ಲಿ ಇದನ್ನು ಎಷ್ಟು ಸಲ ಬರೆದೆ ಹೇಳು. ಅವ್ವ ದೊಡ್ಡ ಮನಸ್ಸಿನವಳು, ಅದಕ್ಕೇ ಹಾಗೆ ಬರೆಯುತ್ತಾಳೆ ಎಂದು ನೀನು ತಿಳಿದಿದ್ದೀಯ. ನನ್ನ ಮನಸ್ಸು ಎಷ್ಟು ದೊಡ್ಡದು ಎಂಬುದು ನನಗೆ ಗೊತ್ತು. ಅಲ್ಲಿ ಎಷ್ಟು ಹುಡುಕಿದರೂ ಅದು ಸಿಗುವುದಿಲ್ಲ. ಬಿಡು.

ನನಗೆ ದಣಿವಾಗಿದೆ, ವಾಣಿ. ನಿಟ್ಟುವಳ್ಳಿಯ ಶಾಲೆಯಲ್ಲಿ ಒಂದೇ ಕೋಣೆಯಲ್ಲಿ ಎರಡು ಕ್ಲಾಸು ಹಿಡಿದು ಪಾಠ ಮಾಡುವಾಗಲೂ ಹೀಗೆ ಆಗುತ್ತಿರಲಿಲ್ಲ. ಆಗಿನದು ಕಾಲಿಗೆ ಬಿಸಿನೀರು ಹಾಕಿಕೊಂಡರೆ ಹೋಗುವ ದಣಿವು. ಈಗ ಬೆಳಿಗ್ಗೆ ಎದ್ದಾಗಲೇ ಸುಸ್ತು. ಪೋಸ್ಟ್‌ಮನ್ ಗೇಟು ತೆಗೆದ ಸದ್ದಾದರೆ ಎದೆ ಧಸಕ್ಕೆನ್ನುತ್ತದೆ. ನಿನ್ನ ಕಾಗದ ಬಂದರೆ ಓದಲು ಭಯ, ಬಾರದಿದ್ದರೆ ಇನ್ನೂ ಭಯ. ನಿವೃತ್ತಿಯಾದ ಮೇಲೆ ಆರಾಮ ಎಂದು ಎಲ್ಲರೂ ಹೇಳಿದ್ದರು. ಅವರನ್ನೆಲ್ಲ ಹುಡುಕಿ ಕೇಳಬೇಕಾಗಿದೆ.

ನಿನ್ನ ಅಪ್ಪ ಇದ್ದ ಹಾಗೇ ಇದ್ದಾರೆ. ನಿನ್ನ ಜೊತೆ ಮಾತು ಬಿಟ್ಟು ಎರಡು ವರ್ಷ ತುಂಬಿತು. ದಿನವಿಡೀ ಅಂಗಡಿಯಲ್ಲಿ ಕೂತು ಕೊಳವೆ ಬಾವಿಗೆ ಮೋಟಾರು ಪೈಪು ಮಾರುವ ಮನುಷ್ಯ, ನೀರು ಎಷ್ಟು ಆಳಕ್ಕಿದೆ ಎಂದು ಊರಿಗೆಲ್ಲ ಹೇಳುವವರು, ಮಗಳು ನೀರಿಗಿಳಿದರೆ ಮಾತ್ರ ಹೆದರುತ್ತಾರೆ. ಆ ಹೆದರಿಕೆಗೆ ಸಿಟ್ಟು ಎಂದು ಹೆಸರಿಟ್ಟುಕೊಂಡಿದ್ದಾರೆ, ಅಷ್ಟೆ. ಜನವರಿಯಲ್ಲಿ ನನ್ನನ್ನು ಅಲ್ಲಿಗೆ ಕಳಿಸಿದ್ದೇ ನಿನ್ನನ್ನು ಕರೆತರಲೆಂದು. ನಾನು ಒಬ್ಬಳೇ ಬಂದಿಳಿದಾಗ ಬ್ಯಾಗು ತೆಗೆದುಕೊಂಡರೇ ಹೊರತು ಏನೂ ಕೇಳಲಿಲ್ಲ. ಮೊನ್ನೆ ಪೇಪರಿನಲ್ಲಿ ಲಕ್ಷದ್ವೀಪದ ಹವಳ ಸತ್ತ ಸುದ್ದಿ ಬಂದಿತ್ತು. ಅದನ್ನು ನೀಟಾಗಿ ಕತ್ತರಿಸಿ ನನ್ನ ಊಟದ ತಟ್ಟೆಯ ಪಕ್ಕ ಇಟ್ಟು, "ಎಲ್ಲಾ ಬೆಳ್ಳಗಾಗ್ಯಾವಂತಲ್ಲ, ಇನ್ನೇನ್ ನೋಡಕ್ಕೆ ಕುಂತಾಳೆ ಅಲ್ಲಿ?" ಎಂದರು. ನಾನು ರೊಟ್ಟಿ ಮುರಿದೆ. "ಕಿವಿ ಗಿವಿ ನೆಟ್ಟಗೈತೇನು?" ಎಂದು ತಾವೇ ಮತ್ತೆ ಕೇಳಿದರು. ಯಾಕೆ ಕೇಳಿದರೋ, ನಾನೇನೂ ಹೇಳಿರಲಿಲ್ಲ.

ಬೆಳಿಗ್ಗೆ ಇಬ್ಬರೂ ಪೂಜೆಗೆ ಜೊತೆಗೇ ಕೂಡುತ್ತೇವೆ. ಲಿಂಗವಿಲ್ಲದ್ದು ಅಪ್ಪನಿಗೆ ಗೊತ್ತಾಗದ ಹಾಗೆ ಹೇಗೆ ಕೂಡುತ್ತೀಯ, ಅಂಗೈಯಲ್ಲಿ ಏನಿಟ್ಟುಕೊಳ್ಳುತ್ತೀಯ ಎಂದು ಕೇಳಿದ್ದೀಯ. ಕೂಡುತ್ತೇನೆ. ಅವರಿಗೆ ಏನೂ ಗೊತ್ತಿಲ್ಲ. ಅದರ ಮಾತು ಈಗ ಬೇಡ.

ನಿನಗೆ ಬೇರೆ ಒಂದು ವಿಷಯ ಹೇಳಬೇಕು. ಆ ದಿನದ ಬಗ್ಗೆ ನಾವಿಬ್ಬರೂ ಕಳೆದದ್ದರ ಮಾತನ್ನೇ ಆಡುತ್ತಾ ಬಂದೆವು. ನೀರೊಳಗೆ ನಾನು ನೋಡಿದ್ದನ್ನು ನಿನಗೆ ಹೇಳಿಯೇ ಇಲ್ಲ. ನನ್ನ ತವರು ಹರಿಹರದಲ್ಲಿ ಹೊಳೆ ಮನೆಯಿಂದ ಒಂದು ಓಣಿಯಾಚೆ. ತಮ್ಮ ಕೊಟ್ಟೂರೇಶ್ ಐದು ವರ್ಷಕ್ಕೇ ಈಜು ಕಲಿತ. ನಾನು ಕೊಡ ತುಂಬಲು, ಬಟ್ಟೆ ಕಲ್ಲಿಗೆ ಸೆಣೆದು ಒಗೆಯಲು ಮಾತ್ರ ಇಳಿದವಳು. ತುಂಗಭದ್ರೆಯ ದಂಡೆಯಲ್ಲಿ ಹುಟ್ಟಿಯೂ ನನ್ನ ಮೊಣಕಾಲಿನ ಮೇಲಕ್ಕೆ ಹೊಳೆ ಬಂದಿರಲಿಲ್ಲ. ಐವತ್ತೆಂಟು ವರ್ಷಕ್ಕೆ ನೀನು ನಿನ್ನ ಚೂಡಿದಾರ ಕೊಟ್ಟು, ಮೂಗು ಮುಚ್ಚುವ ಕನ್ನಡಕ ಬಿಗಿದು, ಬಾಯಿಗೆ ಉಸಿರಾಡುವ ಕೊಳವೆ ತುರುಕಿದೆ. ಎಂಜಲು ಸವರಿದರೆ ಗಾಜಿಗೆ ಮಂಜು ಕಟ್ಟುವುದಿಲ್ಲ ಎಂದು ನನ್ನ ಕನ್ನಡಕಕ್ಕೆ ಉಗುಳಿದೆಯಲ್ಲ, ಆಗ ಎದ್ದು ಹೋಗಬೇಕೆನಿಸಿತ್ತು. ನಮ್ಮ ಮನೆಯಲ್ಲಿ ಎಂಜಲು ಮುಸುರೆಯನ್ನು ನಾನು ಎಷ್ಟು ನೋಡುತ್ತೇನೆ ಎಂದು ಗೊತ್ತಿದ್ದೂ ಉಗುಳಿದವಳು ನೀನು.

ಆಮೇಲೆ ಮುಖ ಮುಳುಗಿಸಿದೆ. ಮೊದಲು ನನ್ನ ಉಸಿರಿನ ಸದ್ದು ಬಿಟ್ಟು ಬೇರೇನೂ ಕೇಳಿಸಲಿಲ್ಲ. ಸ್ವಲ್ಪ ಹೊತ್ತಿಗೆ ಕಟಕಟ ಎಂದು ಕೇಳಿಸಿತು. ಕೆಳಗೆ ಗಿಣಿಬಣ್ಣದ ಮೀನೊಂದು ಹವಳ ಕಡಿಯುತ್ತಿತ್ತು. ಹಿಂದಿನ ಬೆಂಚಿನಲ್ಲಿ ಯಾರೋ ಕದ್ದು ಹುರಿಗಡಲೆ ತಿಂದ ಹಾಗೆ. ಯಾರದು ಎಂದು ಗದರಬೇಕೆನಿಸಿ ಕೊಳವೆಯೊಳಗೇ ನಕ್ಕು ನೀರು ಕುಡಿದೆ. ಹೂಕೋಸಿನಂಥವು, ಜಿಂಕೆಯ ಕೊಂಬಿನಂಥವು, ನೇರಳೆ, ಹಳದಿ, ಎಲ್ಲದರ ನಡುವೆ ಬೆರಳಷ್ಟುದ್ದದ ನೀಲಿ ಮೀನುಗಳು ಒಟ್ಟಿಗೆ ತಿರುಗಿ ಒಟ್ಟಿಗೆ ಮಾಯವಾಗುತ್ತಿದ್ದವು. ಹವಳದ ದಿಬ್ಬ ಮುಗಿಯುವ ಕಡೆ ನೆಲವೇ ಇಲ್ಲದೆ ಬರೀ ನೀಲಿ ಕಂಡಾಗ ನಿನ್ನ ಕೈ ಬಿಗಿಯಾಗಿ ಹಿಡಿದೆ. ಆದರೆ ವಾಪಸು ಹೋಗೋಣ ಎನ್ನಲಿಲ್ಲ. ಆ ಮುಕ್ಕಾಲು ಗಂಟೆ ನಾನು ಯಾರ ಹೆಂಡತಿಯೂ ಆಗಿರಲಿಲ್ಲ, ಯಾರ ಟೀಚರೂ ಆಗಿರಲಿಲ್ಲ. ನಿಜ ಹೇಳಬೇಕೆಂದರೆ, ನಿನ್ನ ಕೈ ಹಿಡಿದಿದ್ದರೂ ನಿನ್ನ ಅವ್ವನೂ ಆಗಿರಲಿಲ್ಲ. ಅಂಥ ಸುಖವನ್ನು ನಾನು ಅದಕ್ಕೆ ಮುಂಚೆ ಕಂಡಿಲ್ಲ. ಅಷ್ಟು ಬರೆಯಲು ನನಗೆ ಇಷ್ಟು ದಿನ ಬೇಕಾಯಿತು.

ಅದೇ ಜಾಗ ಬೇಸಿಗೆಯಲ್ಲಿ ನೀರು ಕಾದು ಬೆಳ್ಳಗಾಯಿತೆಂದು, ಈಗ ಮೇಲೆಲ್ಲ ಪಾಚಿ ಹತ್ತಿದೆಯೆಂದು ನೀನು ಬರೆದಾಗ ನಾನು ಅಡುಗೆಮನೆಯಲ್ಲಿ ಕೂತು ಅತ್ತೆ. ಅಷ್ಟು ಸತ್ತದ್ದರ ನಡುವೆ ನೀನು ದಿನಾ ಒಬ್ಬಳೇ ಮರಳು ಕೆದಕುತ್ತಿದ್ದೀಯಲ್ಲ, ಅದು ಕಣ್ಣ ಮುಂದೆ ಬಂದರೆ ನನಗೆ ತುತ್ತು ಇಳಿಯುವುದಿಲ್ಲ.

ಕಳೆದ ಸೋಮವಾರ ಹರಿಹರಕ್ಕೆ ಹೋಗಿದ್ದೆ. ಕೊಟ್ಟೂರೇಶ್ ಫ್ಯಾಕ್ಟರಿಯ ಶಿಫ್ಟು ಮುಗಿಸಿ ಆಗ ತಾನೇ ಬಂದಿದ್ದ. ನಿನಗೆ ಹೊಳೆಯಲ್ಲಿ ಈಜು ಕಲಿಸಿದ ಗುರು ಅಲ್ಲವೇ, ಅವನಿಗಾದರೂ ಹೇಳೋಣವೆಂದು ಬಾಯಿಬಿಟ್ಟೆ. ನೀನು ಒಬ್ಬಳೇ ಇಳಿಯುವುದು, ಕಿವಿ ಸೋರುವುದು, ಇಷ್ಟನ್ನೇ ಹೇಳಿದೆ. ಕೈಯಲ್ಲಿದ್ದ ಚಹಾ ಕೆಳಗಿಟ್ಟುಬಿಟ್ಟ. "ಒಬ್ಬಾಕೇ ಇಳೀತಾಳಂತಾ? ಜೋಡಿ ಇಲ್ದ ನೀರಿಗಿಳೀಬ್ಯಾಡ ಅಂತ ಮೊದಲ್ನೇ ದಿನಾನೇ ಹೇಳಿದ್ನಲ್ಲಕ್ಕ. ಬಟ್ಟಿ ಕಾಯಾಕರ ಒಬ್ರು ದಂಡಿ ಮ್ಯಾಲೆ ಇರ್ಬೇಕು ಅಂದಿದ್ದೆ. ಕಲಿಸಿದ್ ನನ್ ಮರ್ಯಾದಿ ತೆಗೀಬ್ಯಾಡ ಅಂತ ಬರಿ" ಎಂದ. ಆಮೇಲೆ, "ಅಂಥಾದ್ದೇನು ಹುಡುಕ್ತಾಳೆ ಅಲ್ಲಿ?" ಎಂದು ಕೇಳಿದ. ನಾನು ಬಸ್ಸಿಗೆ ಹೊತ್ತಾಯಿತೆಂದು ಎದ್ದೆ. ಬಸ್ ಸ್ಟ್ಯಾಂಡಿಗೆ ಹೋಗದೆ ಹೊಳೆಯ ಮೆಟ್ಟಿಲ ಮೇಲೆ ಒಂದು ತಾಸು ಕೂತಿದ್ದು ಬಂದೆ.

ಇಷ್ಟೇ ಕೇಳುವುದು. ಹಗ್ಗ ಸುತ್ತಿಡು, ಸಿಲಿಂಡರು ವಾಪಸು ಕೊಡು, ಕಿವಿಗೆ ಔಷಧಿ ಹಾಕಿಕೋ. ನನಗೆ ಅದು ಬೇಕಿಲ್ಲ, ನೀನು ಬೇಕು. ಕೆಲಸ ಬಿಡು ಎಂದು ನಾನು ಹೇಳುತ್ತಿಲ್ಲ. ಹವಳ ಮತ್ತೆ ಚಿಗುರುತ್ತದೋ ಇಲ್ಲವೋ ನೋಡಲು ಕಿವಿ ವಾಸಿಯಾದ ಮೇಲೆ ಬೇಕಾದರೆ ಹೋಗು. ಅದಕ್ಕೆ ನಿನ್ನ ಅಪ್ಪನ ಹತ್ತಿರ ನಾನೇ ಜಗಳವಾಡುತ್ತೇನೆ. ಆದರೆ ನನ್ನ ಸಲುವಾಗಿ ಇನ್ನು ಒಂದು ಸಲವೂ ಇಳಿಯಬೇಡ.

ಹಡಗು ಸಿಕ್ಕ ಕೂಡಲೇ ಹೊರಡು.

ನಿನ್ನ ದಾರಿ ನೋಡುವ
ಅವ್ವ,
ಸರ್ವಮಂಗಳಮ್ಮ

ತಾ.ಕ.: ಮಂಗಳವಾರ, 24-11-1998

ಮೇಲಿನದನ್ನು ಬರೆದು, ಅಂಟಿಸಿ, ನಿನ್ನೆ ಅಂಚೆ ಡಬ್ಬದವರೆಗೂ ಹೋದೆ. ಡಬ್ಬದ ಬಾಯಿಗೆ ಹಿಡಿದವಳು ವಾಪಸು ತಂದೆ. ಹೇರ್‌ಪಿನ್ನಿನಿಂದ ಲಕೋಟೆ ಬಿಡಿಸಿ ಓದಿಕೊಂಡೆ. ಅದರಲ್ಲಿ ಸುಳ್ಳು ಒಂದೂ ಇಲ್ಲ. ನಿಜವೂ ಇಲ್ಲ. ಮೂವತ್ತೆರಡು ವರ್ಷ ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸಿ ನಿಜ ಹೇಳಿಸಿದವಳು ಬರೆದ ಕಾಗದ ಅದು.

ಇವತ್ತು ಬೆಳಿಗ್ಗೆ ಹೋಗಿ ತಂತಿ ಕೊಟ್ಟು ಬಂದೆ. ಈ ಕಾಗದಕ್ಕಿಂತ ಮೊದಲೇ ಅದು ನಿನ್ನ ಕೈಗೆ ಬಂದಿರುತ್ತದೆ. ಲಿಂಗ ಸಿಕ್ಕಿದೆ, ನೀರಿಗೆ ಇಳಿಯಬೇಡ ಎಂದು ಹಾಕಿಸಿದ್ದೇನೆ. ಸಮುದ್ರದಲ್ಲಿ ಬಿದ್ದದ್ದು ದಾವಣಗೆರೆಯಲ್ಲಿ ಕೂತವಳಿಗೆ ಹೇಗೆ ಸಿಕ್ಕಿತು ಎಂದು ತಲೆ ಕೆಡಿಸಿಕೊಂಡಿರುತ್ತೀಯ. ಸಿಕ್ಕಿದೆ ಎಂಬುದೂ ಸುಳ್ಳೇ. ಅದು ಕಳೆದಿರಲೇ ಇಲ್ಲ.

ಆ ದಿನ ನಿನ್ನ ಚೂಡಿದಾರ ಹಾಕಿಕೊಳ್ಳಲು ಕೋಣೆಯ ಬಾಗಿಲು ಹಾಕಿಕೊಂಡೆನಲ್ಲ, ಆಗ ನಾನೇ ಬಿಚ್ಚಿದೆ. ಸಮುದ್ರದಲ್ಲಿ ಎಲ್ಲಿ ಬಿದ್ದುಹೋಗುವುದೋ ಎಂಬ ಭಯ. ಕರವಸ್ತ್ರದಲ್ಲಿ ಸುತ್ತಿ, ಕನ್ನಡಕದ ಡಬ್ಬಿಯಲ್ಲಿಟ್ಟು, ಕೈಚೀಲಕ್ಕೆ ಹಾಕಿಕೊಂಡೆ. ಬುದ್ಧಿ ತಿಳಿದಾಗಿನಿಂದ ಅದು ಮೈಮೇಲೆ ಇಲ್ಲದೆ ಒಂದು ಗಳಿಗೆ ಇದ್ದವಳಲ್ಲ. ನೀರಿನಿಂದ ಎದ್ದ ತಕ್ಷಣ ಕಟ್ಟಿಕೊಳ್ಳಬೇಕು ಎಂದುಕೊಂಡಿದ್ದೆ. ಎದ್ದು ಬಂದವಳು ಚಹಾ ಕುಡಿದೆ, ಕೊಬ್ಬರಿ ಬೆಲ್ಲ ತಿಂದೆ, ನೀಲಿ ಮೀನಿನ ಮಾತಾಡಿದೆ. ಮರೆತೇಬಿಟ್ಟಿದ್ದೆ, ವಾಣಿ. ನೀನು ನನ್ನ ತಲೆ ಒರೆಸುತ್ತಾ ಕೊರಳು ಬರಿದಾದದ್ದು ಕಂಡು ಚೀರಿದಾಗಲೇ ನನಗೆ ನೆನಪಾದದ್ದು.

ಬಿಚ್ಚಿಟ್ಟಿದ್ದೇನೆ ಎಂಬ ಒಂದು ಮಾತು ಸಾಕಾಗಿತ್ತು. ಬರಲಿಲ್ಲ. ಆರು ವರ್ಷದ ಹಿಂದೆ ನೀನು ಮೈಸೂರಿನ ಹಾಸ್ಟೆಲಿನಿಂದ ಬಂದು ನಿನ್ನ ಲಿಂಗವನ್ನು ಬಿಚ್ಚಿ ಡಬ್ಬಿಗೆ ಹಾಕಿ ದೇವರ ಗೂಡಿನಲ್ಲಿಟ್ಟಾಗ, ಮೈಮೇಲೆ ಇರಬೇಕಾದ್ದು ಡಬ್ಬಿಯಲ್ಲಿ ಇರಬಾರದು ಎಂದು ಮೂರು ದಿನ ಊಟ ಬಿಟ್ಟವಳು ನಾನು. ಆ ಬಾಯಲ್ಲಿ ಏನು ಹೇಳಲಿ? ಬಿದ್ದುಹೋಯಿತು ಎಂದು ನೀನೇ ಕೂಗಿದೆ. ಹಾಗೇ ಇರಲಿ ಎಂದು ಬಿಟ್ಟೆ. ನೀನು ಕನ್ನಡಕ ಎಳೆದುಕೊಂಡು ಓಡಿ ಮತ್ತೆ ನೀರಿಗೆ ಧುಮುಕಿದೆ. ಹೊತ್ತು ಮುಳುಗುವವರೆಗೆ ನೀನು ಏಳುವುದನ್ನೂ ಮುಳುಗುವುದನ್ನೂ ನೋಡುತ್ತಾ ನಾನು ಮರಳಿನ ಮೇಲೆ ಕೂತಿದ್ದೆ. ಕೈಚೀಲ ನನ್ನ ತೊಡೆಯ ಮೇಲೆಯೇ ಇತ್ತು.

ಮರುದಿನ ಹಡಗಿನ ಬಚ್ಚಲಿನಲ್ಲಿ ಕಟ್ಟಿಕೊಂಡೆ. ಅಂದಿನಿಂದ ದಿನಾ ಬೆಳಿಗ್ಗೆ ಅಂಗೈಯಲ್ಲಿಟ್ಟು ಪೂಜೆ ಮಾಡುತ್ತಿದ್ದೇನೆ. ನೀನು ಮರಳಿನಲ್ಲಿ ಹುಡುಕುತ್ತಿರುವುದು ಈಗಲೂ, ಇದನ್ನು ಬರೆಯಲು ಬಗ್ಗಿದಾಗೆಲ್ಲ, ನನ್ನ ಎದೆಗೆ ತಾಗುತ್ತಿದೆ.

ಸಿಟ್ಟು ಬರುತ್ತದೆ. ಬರಲಿ. ಬೈಯುವುದಕ್ಕಾದರೂ ಬಾ. ನಿನ್ನದು ದೇವರ ಗೂಡಿನಲ್ಲಿ ನೀನಿಟ್ಟ ಜಾಗದಲ್ಲೇ ಇದೆ. ಕಟ್ಟಿಕೋ ಎಂದು ಇನ್ನು ನಾನು ಹೇಳುವುದಿಲ್ಲ.