ಮೂರನೆಯ ಭಾಗದಲ್ಲಿ ಬೆಂತೂರು

ಲಕ್ಷ್ಮೇಶ್ವರ,
೯ ಫೆಬ್ರುವರಿ ೨೦೨೫

ಮುದ್ದಿನ ಮೊಮ್ಮಗಳು ಶಿವರಂಜನಿಗೆ,

ಅಜ್ಜನ ತುಂಬು ಹರಕೆ. ಕಣ್ಣುರಿ ಕಡಿಮೆಯಾಯಿತೆ? ಮೈಸೂರಿನಲ್ಲಿ ಕುಳಿತು ಹೊತ್ತುಗೊತ್ತಿಲ್ಲದೆ ಬರೆಯುತ್ತೀಯೆಂದು ನಿನ್ನವ್ವ ಗೊಣಗುತ್ತಾಳೆ. ಅಲ್ಲಿ ಕಟಕ ರೊಟ್ಟಿ ಸಿಗದಿದ್ದರೆ ಹೇಳು, ಕಳಿಸುತ್ತೇನೆ. ನನ್ನ ಮೊಣಕಾಲೊಂದನ್ನು ಬಿಟ್ಟರೆ ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ.

ನಿನ್ನ ಮಾಯಾಲೋಕದ ಕಾದಂಬರಿಯ ಎರಡು ಭಾಗ ಬಂದಾಗಿನಿಂದ ನನ್ನನ್ನು ಹಿಡಿಯುವವರಿಲ್ಲ. ಹೋದ ವಾರ ಹುಬ್ಬಳ್ಳಿಯ ಕೆಲವು ಕಾಲೇಜು ಹುಡುಗರು ಪುಸ್ತಕ ಹಿಡಿದುಕೊಂಡೇ ಸೋಮೇಶ್ವರ ಗುಡಿಗೆ ಬಂದಿದ್ದರು. ಹಾರುವ ಹುಲಿಗಳ ಪುಲಿಗೆರೆ ನೀನು ಕನಸಿನಲ್ಲಿ ಕಂಡ ಊರೆಂದು ಅವರ ತಿಳಿವಳಿಕೆ. "ತಮ್ಮಾ, ನೀವು ನಿಂತ ನೆಲಾನ ಪುಲಿಗೆರಿ" ಎಂದೆ. 'ಪುಲಿಗೆರೆ ಮುನ್ನೂರು' ಎಂದರೆ ಮುನ್ನೂರು ಕತ್ತಿವೀರರೆಂದು ಎಣಿಸಿದ್ದರು. ಹಳೆಯ ಶಾಸನಗಳಲ್ಲಿ ನಾಡಿನ ಹೆಸರಿಗೆ ಹೀಗೆ ಸಂಖ್ಯೆ ಹಚ್ಚುತ್ತಿದ್ದರು, ಗದಗಿನ ಕಡೆಯದು ಬೆಳ್ವೊಲ ಮುನ್ನೂರು ಎಂದು ತಿಳಿಸಿ ಹೇಳಿದೆ. ನಿನ್ನ ರಾಕ್ಷಸರು ವಸೂಲಿ ಮಾಡುವ ಹೆರ್ಜುಂಕ ನಿಜವಾಗಿಯೂ ಇದ್ದ ದೊಡ್ಡ ಸುಂಕವೆಂದಾಗ ಒಬ್ಬ ಬಾಯಿ ತೆರೆದೇ ನಿಂತ. ಅಂಗಡಿ ಮುಚ್ಚಿ ಮಧ್ಯಾಹ್ನವೆಲ್ಲ ಅವರ ಜೊತೆ ತಿರುಗಿದೆ. ಇದನ್ನೆಲ್ಲ ನಿನಗೆ ಚಿಕ್ಕಂದಿನಲ್ಲಿ ಹೇಳಿದವನು ನಾನೇ ಎಂದು ಕೇಳದಿದ್ದವರಿಗೂ ಹೇಳಿಕೊಂಡೆ.

ಈಗ ಒಂದು ತೊಡಕಾಗಿದೆ. ನಿನ್ನ ತಂಗಿ ಸುಶ್ಮಿತಾಳನ್ನು ಬೆಂತೂರಿನ ಶಿವಯೋಗಿಗೆ ಕೊಡುವ ಮಾತು ನಡೆದಿತ್ತಲ್ಲ, ಸೋಮವಾರ ಅವರು ಬಂದಿದ್ದರು. ಎಲ್ಲ ಕೂಡಿಬಂತು. ಒಪ್ಪಿಗೆಯಾಯಿತೆಂದು ಬಾಯಿಗೆ ಸಕ್ಕರೆ ಹಾಕಿಕೊಳ್ಳುವ ಹೊತ್ತಿಗೆ ನಾನು ಸುಮ್ಮನಿರಬಾರದೆ? ಅವರ ಊರಿನ ಹೆಸರು ನಿನ್ನ ಪುಸ್ತಕದಲ್ಲಿದೆಯೆಂದು ಎರಡನೆಯ ಭಾಗ ತಂದು ಆ ಪುಟವನ್ನೇ ಗಟ್ಟಿಯಾಗಿ ಓದಿದೆ. ಕೋಟೆಯ ಬಾಗಿಲು ತೆಗೆದು ವೈರಿಗಳನ್ನು ಒಳಗೆ ಬಿಡುವ ದ್ರೋಹಿಯೇ ಬೆಂತೂರಿನವನೆಂಬುದು ಅರ್ಧ ಓದಿದ ಮೇಲೆ ನೆನಪಾಯಿತು. ಹುಡುಗನ ತಂದೆ ದೇವೇಂದ್ರಪ್ಪ ಸಕ್ಕರೆಯ ತಟ್ಟೆ ಸರಿಸಿದರು. "ನಮ್ಮೂರಾಗ ಅಂಥಾ ಮಂದಿ ಹುಟ್ಟಿಲ್ರಿ. ಮುಂದಿನ ಪುಸ್ತಕದಾಗ ಆ ಹೆಸರು ತಗಿಸ್ರಿ, ಆಮ್ಯಾಲ ಸಕ್ಕರಿ ತಿಂತೀವಿ" ಎಂದು ಎದ್ದೇಬಿಟ್ಟರು. ಅಂದಿನಿಂದ ಸುಶ್ಮಿತಾ ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ಆ ಹುಡುಗನನ್ನು ಅವಳು ಮನಸಾರೆ ಮೆಚ್ಚಿದ್ದಾಳೆ, ರಂಜೂ. ಮೂರನೆಯ ಭಾಗದಲ್ಲಿ ಆ ದ್ರೋಹಿಯ ಊರು ಬದಲಿಸಲು ಬರುತ್ತದೆಯೇ ನೋಡು. ನೀನು ಬರೆದದ್ದನ್ನು ತಿದ್ದೆಂದು ಕೇಳಲು ನನಗೆ ಸಂಕಟವಾಗುತ್ತದೆ. ಬೇಕಾದರೆ ಅವನನ್ನು ನಮ್ಮ ಪುಲಿಗೆರೆಯವನನ್ನಾಗಿಯೇ ಮಾಡು, ನಾನು ತಾಳಿಕೊಳ್ಳುತ್ತೇನೆ.

ಕಣ್ಣು ಜೋಪಾನ. ನಿನ್ನ ಲೇಖನಿಗೆ ದೇವರು ಬಲ ಕೊಡಲಿ.

ನಿನ್ನ ಅಜ್ಜ,
ಚನ್ನಬಸವಣ್ಣ

ತಾ.ಕ.: ಪಾಕೀಟು ಅಂಟಿಸುವಷ್ಟರಲ್ಲಿ ಶಿವಯೋಗಿಯ ಅಜ್ಜಿ ಅಮೃತವ್ವ ಒಬ್ಬರೇ ಬಸ್ಸು ಹತ್ತಿ ಬಂದರು. ಮೊಮ್ಮಗನಿಂದ ಎರಡೂ ಭಾಗ ಓದಿಸಿ ಕೇಳಿದ್ದಾರಂತೆ. ಸುಶ್ಮಿತಾಳ ಬಾಯಿಗೆ ಸಕ್ಕರೆ ಹಾಕಿ, ತಾವೂ ತಿಂದು, "ನನ್ನ ಮಗಗ ತಿಳಿಯಂಗಿಲ್ರಿ. ನಮ್ಮೂರ ಹೆಸರು ಪುಸ್ತಕದಾಗ ಬಂದೈತಿ. ದ್ರೋಹಿ ಆದ್ರೂ ಆಂವ ನಮ್ಮಾಂವ, ಬ್ಯಾರೆ ಊರಿಗೆ ಕೊಡಂಗಿಲ್ಲ" ಎಂದರು. ಆದ್ದರಿಂದ ಹೆಸರು ಬದಲಿಸಬೇಡ. ಮೂರನೆಯ ಭಾಗದಲ್ಲಿ ಅವನನ್ನು ಕೊಲ್ಲುವುದೇ ಆದರೆ, ಅದಕ್ಕೂ ಮೊದಲು ಒಮ್ಮೆ ಬೆಂತೂರಿಗೆ ಕರೆತಂದು ಹೊಟ್ಟೆ ತುಂಬ ಉಣ್ಣಿಸಬೇಕಂತೆ.